ಒಂದು ಸಾಲಿನ ಆಜ್ಞೆ

ನಮ್ಮಪ್ಪನಿಗೆ ಎರಡು ಹೆಸರು. ತಾತ ಇಟ್ಟದ್ದು ಮಾದಯ್ಯ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇರೋದು ಮಾದ. ನಿಜವಾದ ಹೆಸರು ಇದಲ್ಲ. ಮಲೆಯ ಮಾದಪ್ಪನಿಗೆ ನಡಕೊಳ್ಳುವ ನಮ್ಮ ಸೀಮೆಯಲ್ಲಿ ಕೇರಿಗೆ ನಾಕು ಜನ ಮಾದಯ್ಯಂದಿರು ಇರುವುದರಿಂದ ಆ ಹೆಸರನ್ನ ಎರವಲು ತಂದಿದ್ದೇನೆ. ಆದರೆ ನಡೆದದ್ದು ನಿಜ.

ತಾತ ಅಪ್ಪನನ್ನ ಶಾಲೆಗೆ ಸೇರಿಸೋಕೆ ಕರಕೊಂಡು ಹೋದ ದಿನ ಮೇಷ್ಟ್ರು ಹೆಸರು ಕೇಳಿದರು. ತಾತ ಹೇಳಿದ. ಮೇಷ್ಟ್ರು ಬರೆಯೋದನ್ನ ನಿಲ್ಲಿಸಿ ತಲೆ ಎತ್ತಿ, “ಅದ್ಯಾಕ್ಲಾ ನಿಮಗೆ ಅಯ್ಯ?” ಅಂದರಂತೆ. ತಾತ ನಕ್ಕನಂತೆ. ಅಂಗಳದಲ್ಲಿ ಕೈಕಟ್ಟಿ ನಿಂತವನು ನಗದೆ ಇನ್ನೇನು ಮಾಡುತ್ತಾನೆ? ಅಪ್ಪ ನಾಕನೇ ಕ್ಲಾಸಿಗೆ ಶಾಲೆ ಬಿಟ್ಟ. ಆ ಮೊಂಡು ಹೆಸರು ಮಾತ್ರ ಶಾಲೆ ಬಿಡಲಿಲ್ಲ. ಅಲ್ಲಿಂದ ರೇಷನ್ ಕಾರ್ಡಿಗೆ, ಓಟಿನ ಪಟ್ಟಿಗೆ, ಆಧಾರಿಗೆ, ಕೊನೆಗೆ ನನ್ನ ಮಾರ್ಕ್ಸ್ ಕಾರ್ಡಿನ ‘ತಂದೆಯ ಹೆಸರು’ ಅನ್ನೋ ಜಾಗಕ್ಕೆ ನಡಕೊಂಡು ಬಂತು.

ಅಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೂಲಿ. ಲೇತಿಗೆ ಆಲೆ ಮರದ ತುಂಡು ಸಿಕ್ಕಿಸಿ, ಉಳಿ ಹಿಡಿದು, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ತಾಳೆಗರಿಯಲ್ಲಿ ತಿಕ್ಕಿ ಹೊಳಪು ತರಿಸುತ್ತಾನೆ. ಚನ್ನಪಟ್ಟಣದ ಗೊಂಬೆಗೆ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಲ್ಲಿ ಮಾನ್ಯತೆ ಇದೆ. ಬೇರೆ ಊರಿನವರು ಆ ಹೆಸರು ಹಾಕಿಕೊಂಡು ಗೊಂಬೆ ಮಾರುವ ಹಾಗಿಲ್ಲ. ಗೊಂಬೆಯ ಹೆಸರಿಗೆ ಕಾನೂನಿನ ಕಾವಲುಂಟು. ಗೊಂಬೆ ಮಾಡುವವನ ಹೆಸರನ್ನ ಯಾರು ಬೇಕಾದರೂ ಕತ್ತರಿಸಬಹುದು.

ಗೆಳೆಯರೇ, ನಾನು ಹೇಳಹೊರಟದ್ದು ಕಂಪ್ಯೂಟರಿನ ಒಂದು ಕೆಲಸದ ಬಗ್ಗೆ. ಅಪ್ಪನ ಹೆಸರಿನಿಂದ ಯಾಕೆ ಶುರು ಮಾಡಿದೆ ಅನ್ನೋದು ಮುಂದೆ ನಿಮಗೇ ಗೊತ್ತಾಗುತ್ತೆ.

ನಾನು ಬಿ.ಎಸ್ಸಿ. ಮಾಡಿದೆ. ನಮ್ಮ ವಂಶಕ್ಕೆ ಮೊದಲ ಡಿಗ್ರಿ. ಪದ್ಯ ಬರೀತೀನಿ. ಪದ್ಯ ಅನ್ನ ಹಾಕಲ್ಲ, ಆದ್ದರಿಂದ ದಿನಾ ಬೆಳಿಗ್ಗೆ ರೈಲು ಹತ್ತಿ ಸುಮಾರು 60 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗ್ತೀನಿ. ಅಲ್ಲೊಂದು ಸಣ್ಣ ಕಂಪನಿ. ಗೋದಾಮುಗಳ ಲೆಕ್ಕ, ಲಾರಿಗಳ ಓಡಾಟ, ಹಮಾಲರ ಕೂಲಿ, ಇವನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶ ಅವರದು. ನಾನು ಗುತ್ತಿಗೆ ನೌಕರ.

ಅಲ್ಲಿ ಒಂದೊಂದು ಗೋದಾಮಿಗೂ ಒಂದೊಂದು ಕಾನ್ಫಿಗರೇಶನ್ ಫೈಲು. ಏನದು ಅಂದರೆ, ತಂತ್ರಾಂಶ ಕಣ್ಣು ಬಿಟ್ಟ ಕೂಡಲೇ ಮೊದಲು ಓದೋ ಚೀಟಿ. ನೀನು ಯಾವ ಊರಲ್ಲಿದ್ದೀಯ, ಯಾರನ್ನ ಒಳಗೆ ಬಿಡಬೇಕು, ಯಾರನ್ನ ಬಿಡಬಾರದು, ಎಲ್ಲಾ ಅದರಲ್ಲಿರುತ್ತೆ. ಅಲ್ಲಿ ಬರೆಯೋದು ಇಂಗ್ಲಿಷಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಹೇಳೋದಾದರೆ ಹೀಗಿರುತ್ತೆ:

ಜಿಲ್ಲೆ = ರಾಮನಗರ
ತಾಲ್ಲೂಕು = ರಾಮನಗರ
ಪೇಟೆ = ರಾಮನಗರ

ಬೇರೆ ಕೆಲವು ಫೈಲುಗಳಲ್ಲಿ ಲಾರಿಯ ದಾರಿ: ‘ಎಲ್ಲಿಂದ = ಮಂಡ್ಯ’, ‘ಎಲ್ಲಿಗೆ = ರಾಮನಗರ’. ಯಂತ್ರ ಇದನ್ನ ಪ್ರಶ್ನಿಸೋದಿಲ್ಲ. ಬರೆದ ಹಾಗೆ ನಡೆಯುತ್ತೆ.

ನಮ್ಮೂರಿಗೂ ಇಂಥ ಒಂದು ಫೈಲಿದೆ. ಅದನ್ನ ಬರೆದವರನ್ನ ಯಾರೂ ಕಂಡಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಹೋಟೆಲಲ್ಲಿ ಯಾರಿಗೆ ಯಾವ ಲೋಟ, ಜಗಲಿ ಎಲ್ಲೀತನಕ, ಅಂಗಳ ಎಲ್ಲಿಂದ. ಹುಟ್ಟಿದ ಮಗು ಕಣ್ಣು ಬಿಟ್ಟ ಕೂಡಲೇ ಓದೋ ಚೀಟಿ ಅದು.

2025ರ ಮೇ ತಿಂಗಳಲ್ಲಿ ರಾಜ್ಯದ ಮಂತ್ರಿಮಂಡಲ ರಾಮನಗರ ಜಿಲ್ಲೆಯ ಹೆಸರನ್ನ ಬೆಂಗಳೂರು ದಕ್ಷಿಣ ಅಂತ ಬದಲಾಯಿಸೋಕೆ ಒಪ್ಪಿತು. ನಾನು ಹುಟ್ಟಿದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. 2007ರಲ್ಲಿ ಅದು ರಾಮನಗರ ಜಿಲ್ಲೆಯಾಯ್ತು. ಈಗ ಬೆಂಗಳೂರು ದಕ್ಷಿಣ. ಮನೆ ಬದಲಾಯಿಸದೆ, ಮಗ್ಗುಲು ಕೂಡ ಬದಲಾಯಿಸದೆ, ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಮೂರು ಜಿಲ್ಲೆ ನೋಡಿದೆ. ಓಟು ಹಾಕೋದು ಮಾತ್ರ ಇವತ್ತಿಗೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ. ರಾಮನಗರ ಅನ್ನೋ ಪೇಟೆಯ ಹೆಸರು ಹಾಗೇ ಉಳಿಯಿತು, ಜಿಲ್ಲಾ ಕೇಂದ್ರವೂ ಅದೇ. ಆ ಪೇಟೆಯೂ ಒಂದು ಕಾಲಕ್ಕೆ ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರಲ್ಲಿ ಕ್ಲೋಸ್‌ಪೇಟೆ ಆಗಿತ್ತು ಅನ್ನೋದು ಬೇರೆ ಮಾತು.

ಕಂಪನಿಯವರು ಕರೆದು, “ಸಂಜೆಯೊಳಗೆ ಎಲ್ಲಾ ಫೈಲಲ್ಲೂ ಹೆಸರು ಬದಲಾಯಿಸು” ಅಂದರು. ನಾನೂರಕ್ಕೂ ಮೇಲೆ ಫೈಲು. ಒಂದೊಂದೇ ತೆರೆದು ತಿದ್ದಿದರೆ ಮೂರು ದಿನದ ಕೆಲಸ. ಆದರೆ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಬರೆದು ಕೈಬಿಟ್ಟರೆ ಎರಡು ರೆಪ್ಪೆ ಬಡಿಯೋದರೊಳಗೆ ಮುಗಿಯುತ್ತೆ. ಆ ಸಾಧನದ ಹೆಸರು ಸೆಡ್. ಅದರ ವ್ಯಾಕರಣ ಸುಲಭ. ಒಂದು ಓರೆಗೆರೆ, ಹಳೇ ಮಾತು, ಇನ್ನೊಂದು ಓರೆಗೆರೆ, ಹೊಸ ಮಾತು, ಮತ್ತೊಂದು ಓರೆಗೆರೆ.

/ರಾಮನಗರ/ಬೆಂಗಳೂರು ದಕ್ಷಿಣ/

ಹಳೇ ಮಾತಿನ ಜಾಗದಲ್ಲಿ ಬರೀ ಪದ ಅಲ್ಲ, ಪದದ ಲಕ್ಷಣವನ್ನೂ ಬರೀಬಹುದು. ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತಾರೆ. ನಾನು ಮಾದರಿ ಅಂತ ಕರೀತೀನಿ. ಚುಕ್ಕಿ ಇಟ್ಟರೆ ‘ಯಾವುದಾದರೂ ಒಂದು ಅಕ್ಷರ’. ನಕ್ಷತ್ರ * ಹಾಕಿದರೆ ‘ಹಿಂದಿನದು ಎಷ್ಟು ಸಲವಾದರೂ ಬರಲಿ, ಬರದಿದ್ದರೂ ಸರಿ’. ^ ಅಂದರೆ ಸಾಲಿನ ತಲೆ, $ ಅಂದರೆ ಸಾಲಿನ ಬುಡ. ಚೌಕದ ಆವರಣ [ ] ಅಂದರೆ ಒಳಗಿರುವವರಲ್ಲಿ ಯಾರಾದರೂ ಒಬ್ಬ. ಆವರಣದ ಬಾಗಿಲಲ್ಲೇ ^ ನಿಲ್ಲಿಸಿದರೆ ಅರ್ಥ ತಿರುಗಿಬೀಳುತ್ತೆ: ಒಳಗಿರುವವರನ್ನ ಬಿಟ್ಟು ಉಳಿದವರು. ಈ ಕೊನೆಯದನ್ನ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇದರ ಮೂಲ ಗಣಿತ. ನರಕೋಶಗಳ ಜಾಲ ಯಾವ ಯಾವ ಸಂಕೇತಗಳನ್ನ ಗುರುತಿಸಬಲ್ಲದು ಅಂತ ಲೆಕ್ಕ ಹಾಕುತ್ತಾ ಸ್ಟೀಫನ್ ಕ್ಲೀನಿ ಅನ್ನೋ ಅಮೆರಿಕದ ತರ್ಕಶಾಸ್ತ್ರಿ 1951ರಲ್ಲಿ ಇದನ್ನ ಬರೆದ. ಅದು ಅಚ್ಚಾಗಿದ್ದು 1956ರಲ್ಲಿ. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನ ಪಠ್ಯ ಹುಡುಕುವ ಕೆಲಸಕ್ಕೆ ಇಳಿಸಿದ. ಬೆಲ್ ಲ್ಯಾಬ್ಸಿನಲ್ಲಿ 1973ರಲ್ಲಿ ಗ್ರೆಪ್ ಬಂತು. ಕೇಳಿದ ಮಾದರಿ ಇರುವ ಸಾಲುಗಳನ್ನಷ್ಟೇ ಹೆಕ್ಕಿ ತೋರಿಸುವ ಸಾಧನ. ಅದರ ಬೆನ್ನಿಗೇ ಲೀ ಮ್ಯಾಕ್‌ಮಹೋನ್ ಮಾಡಿದ ಸೆಡ್ ಬಂತು. ಅದೇ 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದು ಮಂತ್ರಿಗಿರಿ ಕಳಕೊಂಡರು. ಅವರು ಮಾಡಿದ್ದೂ ಒಂದು ಹುಡುಕಾಟವೇ. ಸಾವಿರ ವರ್ಷದ ಸಾಲುಗಳಲ್ಲಿ ನಮ್ಮ ಬದುಕು ಎಷ್ಟು ಕಡೆ ಸಿಗುತ್ತೆ ಅಂತ ನೋಡಿದರು. ಸಿಕ್ಕ ಉತ್ತರ ಹೇಳಿದರು.

ಇನ್ನು ನನ್ನ ತಪ್ಪಿಗೆ ಬರ್ತೀನಿ.

ಆಜ್ಞೆ ಕೊಟ್ಟೆ. ನಾನೂರು ಫೈಲೂ ಬದಲಾದವು. ಖುಷಿಯಾಯ್ತು. ರೈಲಲ್ಲಿ ಒಂದು ಪದ್ಯ ಕೂಡ ಹೊಳೆಯಿತು. ಮಾರನೇ ದಿನ ಮಧ್ಯಾಹ್ನ ಫೋನು. ರಾಮನಗರ ಪೇಟೆಗೆ ಬರಬೇಕಿದ್ದ ಲಾರಿ ಬೆಂಗಳೂರಿನ ಇನ್ನೊಂದು ಗೋದಾಮಿಗೆ ಹೋಗಿ ನಿಂತಿತ್ತು. ಯಂತ್ರಕ್ಕೆ ಜಿಲ್ಲೆ ಬೇರೆ ಪೇಟೆ ಬೇರೆ ಅಂತ ಗೊತ್ತಿಲ್ಲ. ರಾಮನಗರ ಅನ್ನೋ ಅಕ್ಷರ ಕಂಡಲ್ಲೆಲ್ಲಾ ಅದು ಬೆಂಗಳೂರು ದಕ್ಷಿಣ ಅಂತ ಬರೆದಿತ್ತು. ಪೇಟೆಯೂ ಹೋಯ್ತು, ದಾರಿಯೂ ಹೋಯ್ತು.

ಹೇಳಬೇಕಾಗಿದ್ದದ್ದು ಇಷ್ಟೇ:

/^ಜಿಲ್ಲೆ = ರಾಮನಗರ$/ಜಿಲ್ಲೆ = ಬೆಂಗಳೂರು ದಕ್ಷಿಣ/

ತಲೆಗೊಂದು ಗೂಟ, ಬುಡಕ್ಕೊಂದು ಗೂಟ. ಜಿಲ್ಲೆ ಅಂತ ಶುರುವಾಗಿ ರಾಮನಗರ ಅಂತ ಮುಗಿಯೋ ಸಾಲು ಮಾತ್ರ.

ಬಯ್ದರು. ಬಯ್ಯಲಿ, ತಪ್ಪು ನನ್ನದು. ಆದರೆ ಬಯ್ಗುಳದ ಬುಡದಲ್ಲಿ ಒಂದು ಮಾತು ಬಂತು: “ಕೋಟಾದಲ್ಲಿ ಬಂದೋರ ಕೆಲಸ ಹಿಂಗೇ.” ಖಾಸಗಿ ಕಂಪನಿಯಲ್ಲಿ ಕೋಟಾ ಎಲ್ಲಿದೆ ಸ್ವಾಮಿ? ಪರೀಕ್ಷೆ ಬರೆದು, ಎಲ್ಲರ ಜೊತೆ ಸಾಲಲ್ಲಿ ನಿಂತು ಬಂದವನು ನಾನು. ನನ್ನ ಪಕ್ಕದವನು ಹಿಂದಿನ ತಿಂಗಳು ಇದಕ್ಕಿಂತ ದೊಡ್ಡ ಎಡವಟ್ಟು ಮಾಡಿದಾಗ ಅದು ಬರೀ ಅವನ ತಪ್ಪಾಗಿತ್ತು. ನಾನು ಮಾಡಿದರೆ ಇಡೀ ಕೇರಿಯ ತಪ್ಪು. ಇದೂ ಗೂಟ ಇಲ್ಲದ ಮಾದರಿಯೇ. ಒಂದು ಕಡೆ ಕಂಡದ್ದನ್ನ ಎಲ್ಲಾ ಕಡೆ ಬದಲಾಯಿಸಿಬಿಡುತ್ತೆ.

ಸರಿ, ಹಿಂದಕ್ಕೆ ತಿರುಗಿಸು ಅಂದರು. ತಿರುಗಿಸೋಕೆ ಆಗಲಿಲ್ಲ. ಯಾಕೆ ಅಂದರೆ ಬೆಂಗಳೂರು ದಕ್ಷಿಣ ಅನ್ನೋ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲಿಂದಲೂ ಇದೆ. ಅಲ್ಲಿಗೆ ಹೋಗೋ ಲಾರಿಗಳ ಫೈಲಲ್ಲಿ ‘ಎಲ್ಲಿಗೆ = ಬೆಂಗಳೂರು ದಕ್ಷಿಣ’ ಅಂತ ನಿಜವಾಗಿಯೂ ಇತ್ತು. ಈಗ ನಿಜವಾದದ್ದೂ ನಾನು ಮಾಡಿದ್ದೂ ಒಂದೇ ಅಕ್ಷರ. ಎಲ್ಲವನ್ನೂ ವಾಪಸ್ ರಾಮನಗರ ಮಾಡಿದರೆ ಆ ಲಾರಿಗಳೆಲ್ಲ ನಮ್ಮ ಕಡೆ ಹೊರಟುಬಿಡುತ್ತವೆ. ಎರಡು ಹೆಸರು ಒಂದಾದ ಮೇಲೆ ಅವನ್ನ ಬಿಡಿಸೋ ಆಜ್ಞೆ ಇಲ್ಲ. ಫೈಲಿನ ನಕಲು ಇಟ್ಟುಕೊಂಡು ತಿದ್ದು ಅಂತ ಸೆಡ್‌ಗೆ ಮೊದಲೇ ಹೇಳಬಹುದಿತ್ತು. ಎರಡಕ್ಷರದ ಮಾತು. ಅವಸರದಲ್ಲಿ ನಾನು ಹೇಳಿರಲಿಲ್ಲ.

ಆಗ ನೆನಪಾದದ್ದು ಅಪ್ಪ. ಅಯ್ಯ ಕತ್ತರಿಸಿದ್ದೂ ಇಂಥದೇ ಕೆಲಸ. ದಾಖಲೆಯಲ್ಲಿ ಮಾದ ಅಂತಿದ್ದರೆ ಅವನು ಮಾದಯ್ಯನೋ, ಮಾದಪ್ಪನೋ, ಮಾದೇಶನೋ? ಕರಿಯ ಅಂತಿದ್ದರೆ ಕರಿಯಪ್ಪನೋ ಕರಿಯಣ್ಣನೋ? ಎಲ್ಲರಿಗೂ ಒಂದೊಂದು ಅಯ್ಯ ಅಂಟಿಸಿಬಿಟ್ಟರೆ ಸರಿಹೋಗೋದಿಲ್ಲ. ಕತ್ತರಿಸೋದು ಒಂದು ಸಾಲಿನ ಆಜ್ಞೆ. ಕೂಡಿಸೋದಕ್ಕೆ ಒಬ್ಬೊಬ್ಬರನ್ನೂ ಬಲ್ಲವರು ಬೇಕು.

ಬಲ್ಲವರು ಸಿಕ್ಕಿದ್ದು ಗೋದಾಮಿನಲ್ಲಿ. ಹಮಾಲರ ಮೇಸ್ತ್ರಿಯೊಬ್ಬರು, “ಚೀಟಿ ಬೇಕಾ? ನಾವು ಯಾವುದ್ನೂ ಬಿಸಾಕಲ್ಲ ಕಣಪ್ಪ. ಕೂಲಿ ಕೊಡೋವಾಗ ಇಲ್ಲ ಅಂದ್ರೆ ಏನ್ ತೋರ್ಸೋದು?” ಅಂತ ಗೋಣಿಚೀಲ ತಂದು ಸುರಿದರು. ಆರು ತಿಂಗಳ ಲಾರಿ ಚೀಟಿಗಳು. ಯಾವ ಲಾರಿ ಎಲ್ಲಿಂದ ಎಲ್ಲಿಗೆ, ಎಲ್ಲಾ ಇತ್ತು. ಆವತ್ತು ಕೊನೇ ರೈಲು ತಪ್ಪಿತು. ಅವರು ಓದಿ ಹೇಳೋದು, ನಾನು ತಿದ್ದೋದು. ಕಂಪನಿಯ ಯಂತ್ರ ಮರೆತದ್ದನ್ನ ಹಮಾಲರ ಗೋಣಿಚೀಲ ನೆನಪಿಟ್ಟುಕೊಂಡಿತ್ತು.

ಆ ಚೀಟಿಗಳಲ್ಲಿ ಇನ್ನೊಂದು ಕಂಡಿತು. ಮೂಟೆ ಹೊತ್ತವರ ಹೆಸರು. ‘ಕರಿಯ ಕರಿಯ’. ‘ಕೆಂಪಮ್ಮ ಕೆಂಪಮ್ಮ’. ‘ಮಾದ ಮಾದ’. ಹೆಸರೇಕೆ ಎರಡೆರಡು ಸಲ? ಗುಮಾಸ್ತ ಅಂದ: “ಏನ್ಮಾಡೋದು, ಒಂದೇ ಹೆಸರು ಹೊಡೆದ್ರೆ ಕಂಪ್ಯೂಟರ್ ತಗೊಳ್ಳಲ್ಲ. ಸರ್‌ನೇಮ್ ಕೇಳುತ್ತೆ.” ಇನಿಶಿಯಲ್ ಹಾಕಿ ನೋಡಿದ್ದನಂತೆ. ಕೆ. ಮಾದಯ್ಯ ಅಂದರೆ ಚುಕ್ಕಿ ಬೇಡ ಅಂತು.

ಹುಡುಕಿದೆ. ಅದೂ ಕಾನ್ಫಿಗರೇಶನ್ ಫೈಲಿನ ಒಂದು ಸಾಲು. ಹೆಸರು ಹೇಗಿರಬೇಕು ಅನ್ನೋದಕ್ಕೆ ಒಂದು ಮಾದರಿ. ಸಾಲಿನ ತಲೆ, ಇಂಗ್ಲಿಷಿನ ಎ ಇಂದ ಜೆಡ್‌ವರೆಗಿನ ಅಕ್ಷರ, ನಡುವೆ ಒಂದು ಖಾಲಿ, ಮತ್ತೆ ಎ ಇಂದ ಜೆಡ್, ಸಾಲಿನ ಬುಡ. ಎರಡು ಪದ ಇದ್ದವನು ಮನುಷ್ಯ. ಒಂದೇ ಪದದವನು ತಪ್ಪು. ಬರೆದವನಿಗೆ ದ್ವೇಷ ಇತ್ತು ಅಂತ ನಾನು ಹೇಳಲ್ಲ. ಅವನ ಮನೇಲಿ ಎಲ್ಲರಿಗೂ ಎರಡು ಪದ ಇತ್ತು, ಅಷ್ಟೇ. ತನ್ನ ಮನೆಯನ್ನೇ ಲೋಕ ಅಂದುಕೊಂಡ. ಆ ಸಾಲು ಎಷ್ಟು ವರ್ಷದಿಂದ ನಮ್ಮ ಜನರನ್ನ ಬಾಗಿಲಲ್ಲಿ ನಿಲ್ಲಿಸಿ ಸುಳ್ಳು ಹೆಸರು ಹೇಳಿಸಿತೋ!

ಕನ್ನಡದಲ್ಲೇ ಹೆಸರು ಬರೆಯೋ ಹಾಗೆ ಮಾಡೋಣ ಅಂತ ಕೂತೆ. ಅಲ್ಲೂ ಒಂದು ಪಾಠ. ಲೋಕದ ಲಿಪಿಗಳಿಗೆಲ್ಲ ಅಂಕಿ ಕೊಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಇದೆ. ಕನ್ನಡಕ್ಕೆ 128 ಮನೆಗಳ ಒಂದು ಬೀದಿ. ಆದರೆ ಅಲ್ಲಿ ‘ಮಾ’ ಅಂದರೆ ಒಂದಲ್ಲ, ಎರಡು: ಮ ಮತ್ತು ದೀರ್ಘದ ಗುರುತು. ಯಂತ್ರದ ಲೆಕ್ಕದಲ್ಲಿ ಮ ಅಕ್ಷರ. ಆ ಗುರುತು ಅಕ್ಷರವಲ್ಲ, ಬರೀ ಚಿಹ್ನೆ. ‘ಅಕ್ಷರ ಮಾತ್ರ ಒಳಗೆ ಬನ್ನಿ’ ಅಂತ ಮಾದರಿ ಬರೆದರೆ ನಮ್ಮ ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಹೊರಗೇ. ಚಿಹ್ನೆಗಳಿಗೂ ಬಾಗಿಲು ತೆರೆ ಅಂತ ಬೇರೆಯಾಗಿ ಹೇಳಬೇಕು. ನಮ್ಮೂರಿನ ಹೆಸರನ್ನೇ ತಗೊಳ್ಳಿ. ಕೆಲವರು ಚನ್ನಪಟ್ಟಣ ಅಂತಾರೆ, ಕೆಲವರು ಚೆನ್ನಪಟ್ಟಣ ಅಂತಾರೆ. ಎರಡನ್ನೂ ಹಿಡಿಯೋ ಮಾದರಿ ‘ಚೆ?ನ್ನಪಟ್ಟಣ’. ಪ್ರಶ್ನೆಚಿಹ್ನೆ ಅಂದರೆ ‘ಹಿಂದಿನದು ಇದ್ದರೂ ಸರಿ, ಇಲ್ಲದಿದ್ದರೂ ಸರಿ’. ಅದು ಇಡೀ ‘ಚೆ’ಯನ್ನ ಮುಟ್ಟೋದಿಲ್ಲ, ಎತ್ವದ ಗುರುತನ್ನ ಮಾತ್ರ ಮುಟ್ಟುತ್ತೆ. ಚ ನಿಂತೇ ಇರುತ್ತೆ.

ಹಾಗೇ ಮಾದಯ್ಯ. ನಾವು ಕೂಗೋದು ಮೂರು ತುಂಡು: ಮಾ, ದ, ಯ್ಯ. ಯಂತ್ರಕ್ಕೆ ಅದು ಆರು. ಕೊನೆಯ ‘ಯ್ಯ’ ಒಂದರಲ್ಲೇ ಮೂರು: ಯ, ಒತ್ತಿನ ಗುರುತು, ಮತ್ತೊಂದು ಯ. ಮಾದಯ್ಯನನ್ನ ಮಾದ ಮಾಡೋಕೆ ಯಂತ್ರ ಮೂರು ಗುರುತು ಅಳಿಸಬೇಕು. ನಮ್ಮೂರಿಗೆ ಒಂದು ಉಸಿರು ಸಾಕಾಗಿತ್ತು.

ಕಂಪನಿಯವರಿಗೆ ಇನ್ನೊಂದು ಕೆಲಸವೂ ಇತ್ತು. ತಂತ್ರಾಂಶದ ಹೊಸ ಆವೃತ್ತಿಗೆ ‘=’ ಬೇಡ, ‘:’ ಬೇಕು. ‘ಚುಕ್ಕಿ ನಕ್ಷತ್ರ, ಸಮ, ಚುಕ್ಕಿ ನಕ್ಷತ್ರ’ ಅಂತ ಮಾದರಿ ಬರೆದು, ಸಮದ ಎಡದ್ದನ್ನ ಒಂದು ಕೈಲಿ ಬಲದ್ದನ್ನ ಇನ್ನೊಂದು ಕೈಲಿ ಹಿಡಿದು, ನಡುವೆ ಎರಡು ಚುಕ್ಕಿ ಇಟ್ಟು ಜೋಡಿಸಬೇಕು. ಒಂದೇ ಸಾಲಲ್ಲಿ ಎರಡು ಸಮ ಇದ್ದರೆ ಏನಾಗುತ್ತೆ? ಚುಕ್ಕಿ ನಕ್ಷತ್ರ ಹೊಟ್ಟೆಬಾಕ. ಮೊದಲನೇ ಸಮದಲ್ಲಿ ನಿಲ್ಲೋದಿಲ್ಲ, ಅದನ್ನೂ ನುಂಗಿಕೊಂಡು ಕೊನೇ ಸಮದವರೆಗೆ ಹೋಗುತ್ತೆ. ಊರಗೌಡನ ಬೇಲಿಯ ಹಾಗೆ, ತಡೆಯೋರು ಸಿಗೋ ತನಕ ಅವನದೇ ಜಮೀನು. ಅದಕ್ಕೆ ಮದ್ದು [^=]*. ‘ಸಮ ಅಲ್ಲದ್ದನ್ನ ಮಾತ್ರ ತಿನ್ನು, ಸಮ ಕಂಡ ಕೂಡಲೇ ನಿಲ್ಲು.’ ಈ ಸಲ ನಾನು ಮೊದಲು ನಕಲು ಇಟ್ಟೆ. ಗ್ರೆಪ್‌ನಿಂದ ಯಾವ ಯಾವ ಸಾಲು ಸಿಗುತ್ತವೆ ಅಂತ ನೋಡಿದೆ. ಫೈಲನ್ನ ಮುಟ್ಟದೆ ಬದಲಾದ ಸಾಲುಗಳನ್ನ ಪರದೆಗೆ ತರಿಸಿ ಓದಿದೆ. ಆಮೇಲೆ ಕೈ ಹಾಕಿದೆ. ಅಪ್ಪ ಲೇತಿನ ಮುಂದೆ ಹೇಳೋದು ಇದನ್ನೇ: “ಮೊದ್ಲು ಕಣ್ಣು, ಆಮೇಲೆ ಉಳಿ.”

ಹೆಸರು ಬದಲಾಯಿಸಿದರೆ ಏನಾಗುತ್ತೆ ಅಂತ ಕೇಳೋರಿದ್ದಾರೆ. ಜಾತಿ ಪತ್ರದಲ್ಲಿ ‘ಹರಿಜನ’ ಅಂತ ಬರೆಯಬೇಡಿ ಅಂತ ಕೇಂದ್ರ ಸರ್ಕಾರ 1982ರಲ್ಲಿ ಹೇಳಿತು. ಜಾತಿಯ ಹೆಸರಿರುವ ಕೇರಿಗಳ ಹೆಸರು ಬದಲಾಯಿಸೋಕೆ ಮಹಾರಾಷ್ಟ್ರದ ಮಂತ್ರಿಮಂಡಲ 2020ರಲ್ಲಿ ಒಪ್ಪಿತು. ‘ಕಾಲೋನಿ’ ಅನ್ನೋ ಪದವನ್ನ ಸರ್ಕಾರಿ ಕಡತಗಳಿಂದ ತೆಗೀತೀವಿ ಅಂತ ತಮಿಳುನಾಡು 2025ರಲ್ಲಿ ಹೇಳಿತು. ಇವೆಲ್ಲ ಬೇಕು. ಆದರೆ ಕಾನ್ಫಿಗರೇಶನ್ ಫೈಲು ನನಗೆ ಇನ್ನೊಂದು ಸಂಗತಿ ಕಲಿಸಿದೆ. ಬಹಳಷ್ಟು ಫೈಲುಗಳಲ್ಲಿ # ಗುರುತಿನಿಂದ ಶುರುವಾಗೋ ಸಾಲನ್ನ ಯಂತ್ರ ಓದೋದಿಲ್ಲ. ಸಾಲು ಅಲ್ಲೇ ಇರುತ್ತೆ, ಅಕ್ಷರ ಅಚ್ಚುಕಟ್ಟಾಗಿರುತ್ತೆ, ಯಾರು ಬೇಕಾದರೂ ಓದಬಹುದು. ನಡೆಯೋದಿಲ್ಲ, ಅಷ್ಟೇ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿದೆ. 1950ರಿಂದ ಆ ಸಾಲು ಅಲ್ಲೇ ಇದೆ. ನಮ್ಮೂರಿನ ಫೈಲಲ್ಲಿ ಅದರ ಮುಂದೆ ಯಾರೋ ಒಂದು # ಇಟ್ಟಿದ್ದಾರೆ. ಹೊಸ ಸಾಲು ಬರೆಯೋದಕ್ಕಿಂತ ಮೊದಲು ಆ ಒಂದು ಗುರುತನ್ನ ಅಳಿಸಬೇಕಾಗಿದೆ. ಅದಕ್ಕೆ ಸೆಡ್ ಸಾಲದು.

ಹೆಸರಿನ ಮಾದರಿಯನ್ನ ಬದಲಾಯಿಸಿದೆ. ಒಂದು ಪದವಾದರೂ ಸರಿ, ಚುಕ್ಕಿ ಇದ್ದರೂ ಸರಿ, ಕನ್ನಡವಾದರೂ ಸರಿ. ಯಾರಿಗೂ ಭಾಷಣ ಮಾಡಲಿಲ್ಲ. ‘ತಪ್ಪು ಹೆಸರುಗಳಿಂದ ಕೂಲಿ ಲೆಕ್ಕದಲ್ಲಿ ಗೊಂದಲವಾಗ್ತಿದೆ’ ಅಂತ ಬರೆದುಕೊಟ್ಟೆ. ಒಪ್ಪಿದರು. ಲೆಕ್ಕ ಅಂದರೆ ಒಪ್ಪುತ್ತಾರೆ.

ಉಳಿದದ್ದು ಹಮಾಲರ ಹೆಸರು. ನಾನು ಎಲ್ಲರಿಗೂ ಅಯ್ಯ ಅಮ್ಮ ಸೇರಿಸಿ ನ್ಯಾಯ ಒದಗಿಸೋ ಹುಮ್ಮಸ್ಸಲ್ಲಿದ್ದೆ. ಮೇಸ್ತ್ರಿ ಕೈ ಹಿಡಿದರು. “ಕೇಳ್ಕೊಂಡ್ ಬರಿಯಪ್ಪ” ಅಂದರು. ಗೋದಾಮಿಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿದೆ. ಮಾದ ಮಾದ ನಿಜವಾಗಿ ಮಾದೇಗೌಡ ಅಂತ ಗೊತ್ತಾಯ್ತು. ನಮ್ಮ ಕೇರಿಯವನೇ ಅಲ್ಲ, ಮೇಲಿನ ಕೇರಿಯ ಬಡವ. ಯಂತ್ರದ ಬಾಗಿಲಲ್ಲಿ ಅವನ ಬಾಲವೂ ಕತ್ತರಿಸಿತ್ತು. ಕೆಂಪಮ್ಮ ತನ್ನ ಹೆಸರಿನ ಮುಂದೆ ತಾಯಿಯ ಹೆಸರಿನ ಮೊದಲಕ್ಷರ ಹಾಕು ಅಂದಳು. ಎಲ್ಲರಿಗಿಂತ ಹಿರಿಯ ಕರಿಯನಿಗೆ, “ಕರಿಯಪ್ಪ ಅಂತ ಬರೀಲಾ ತಾತ?” ಅಂದೆ. ಬೀಡಿ ಆರಿಸಿ ಯೋಚನೆ ಮಾಡಿದ.

“ಬ್ಯಾಡ ಕಣ್ ಮಗ. ನಮ್ಮವ್ವ ಕರೀತಿದ್ದದ್ದು ಕರಿಯ ಅಂತ್ಲೇ. ಬೇರೇವ್ರು ಕರ್ದಾಗ ಉರೀತಿತ್ತು, ಅವ್ವ ಕರ್ದಾಗ ಉರೀತಿರ್ಲಿಲ್ಲ. ಒಂದು ತೆಗ್ದಾಕು, ಒಂದು ಉಳ್ಸು.”

ಎರಡು ಕರಿಯದಲ್ಲಿ ಒಂದನ್ನ ಅಳಿಸಿದೆ. ಆ ಒಂದು ಸಾಲನ್ನ ಸೆಡ್‌ನಿಂದ ಮಾಡಲಿಲ್ಲ. ಫೈಲು ತೆರೆದು ಕೈಯಾರೆ ತಿದ್ದಿದೆ.

ಇದನ್ನ ಓದೋ ಮೇಷ್ಟರುಗಳೇ, ಮೇಡಂಗಳೇ. ಜೂನ್ ಬಂದರೆ ನಿಮ್ಮ ಮುಂದೆ ಒಂದು ಮಗು ಬಂದು ನಿಲ್ಲುತ್ತೆ. ನೀವು ದಾಖಲಾತಿ ಪುಸ್ತಕದಲ್ಲಿ, ಸ್ಯಾಟ್ಸ್‌ನಲ್ಲಿ ಹೊಡೆಯೋ ಹೆಸರು ಆ ಮಗುವಿನ ಮೊದಲ ಕಾನ್ಫಿಗರೇಶನ್ ಸಾಲು. ಮುಂದಿನ ಯಂತ್ರಗಳೆಲ್ಲ ಅದನ್ನೇ ಓದುತ್ತವೆ. ಅಪ್ಪ ಅವ್ವ ಹೇಳಿದ್ದನ್ನ ಪೂರ್ತಿ ಕೇಳಿ. ಬರೆದದ್ದನ್ನ ಅವರಿಗೆ ಓದಿ ಹೇಳಿ. ಕತ್ತರಿಸಿದ್ದು ವಾಪಸ್ ಬರೋದಿಲ್ಲ.

ಮೊದಲು ಕೇಳಿ. ಆಮೇಲೆ ಬರೀರಿ.